ಬಿಸಿಲುಣ್ಣುವ ಚಿಪ್ಪು

"ಅಲ್ಲ ತಮಾ, ಅದಕ್ಕೆ ಊಟಕ್ಕೆ ಎಂತ ಹಾಕ್ತೆ?"

ಬೇಲಿಯ ಆಚೆಯಿಂದ ನಾಗವೇಣಕ್ಕ ಕೇಳಿದ ಈ ಪ್ರಶ್ನೆಯಿಂದಲೇ ನಮ್ಮ ಮಾತು ಶುರುವಾದದ್ದು. ಮನೆಯಲ್ಲಿರುವ ಉಪ್ಪುನೀರಿನ ಅಕ್ವೇರಿಯಂ ನೋಡಿದವರು ಸಾಮಾನ್ಯವಾಗಿ ಮೊದಲು ಮೀನಿನ ಹೆಸರು ಕೇಳುತ್ತಾರೆ, ಆಮೇಲೆ ಬೆಲೆ, ಆಮೇಲೆ ಕರೆಂಟ್ ಬಿಲ್ಲು. ನಾಗವೇಣಕ್ಕ ಮಾತ್ರ ಮೀನಿನ ಕಡೆ ತಿರುಗಿಯೂ ನೋಡದೆ, ಮರಳಿನ ಮೇಲೆ ಕೂತಿದ್ದ ಚಿಪ್ಪಿನ, ಅಂದರೆ ಜೈಂಟ್ ಕ್ಲ್ಯಾಮಿನ, ವಿಚಾರ ಹಿಡಿದರು. ಕುಮಟೆ ತಾಲ್ಲೂಕಿನಲ್ಲಿ ಅಘನಾಶಿನಿ ಸಮುದ್ರ ಸೇರುವ ಕಡೆ ಹುಟ್ಟಿ ಬೆಳೆದವರು ಅವರು. ಇಳಿತದ ಹೊತ್ತಿಗೆ ಕೆಸರಿಗೆ ಕೈಹಾಕಿ ಬಳಚು ಎಂಬ ಚಿಪ್ಪನ್ನು ಹೆಕ್ಕಿದವರು. ಕ್ಯಾಲಿಫೋರ್ನಿಯದ ಫ್ರೀಮಾಂಟಿನಲ್ಲಿರುವ ಮಗನ ಮನೆಗೆ ಬಂದು, ಹಿತ್ತಲಲ್ಲಿ ಬಸಳೆ ಚಪ್ಪರ ಎಬ್ಬಿಸಿ, ಸಂಜೆಯಾದರೆ ಬೇಲಿಯ ಬದಿಗೆ ಬಂದು ನಿಲ್ಲುತ್ತಾರೆ. ಚಿಪ್ಪಿನ ಮಾತಿಗೆ ಇವರಿಗಿಂತ ಒಳ್ಳೆಯ ಕೇಳುಗರು ನನಗೆ ಈ ಊರಿನಲ್ಲಿ ಸಿಕ್ಕಿಲ್ಲ.

"ಬೇರೆ ಏನೂ ಹಾಕುವುದಿಲ್ಲ ಅಕ್ಕ, ಬೆಳಕು ಕೊಡುತ್ತೇನೆ" ಅಂದೆ.

ಅವರು ಒಪ್ಪಲಿಲ್ಲ. ಬಳಚಾದರೂ ಹೊಳೆಯ ನೀರು ಸೋಸಿ, ಅದರಲ್ಲಿ ಸಿಕ್ಕಿದ್ದು ತಿಂದು ಬದುಕುತ್ತದೆ. ಬರೀ ಬೆಳಕಿನಲ್ಲಿ ಬದುಕುವ ಚಿಪ್ಪು ಎಲ್ಲಿಯದು ಎಂಬುದು ಅವರ ತಕರಾರು. ತಕರಾರಿನಲ್ಲಿ ನ್ಯಾಯವಿದೆ. ಈ ಚಿಪ್ಪೂ ನೀರು ಸೋಸುತ್ತದೆ, ಕಿವಿರಿಗೆ ಸಿಕ್ಕ ಸೂಕ್ಷ್ಮಜೀವಿಗಳನ್ನು ತಿನ್ನುತ್ತದೆ. ಆದರೆ ಅದರ ದೊಡ್ಡ ಸಂಪಾದನೆ ಬೇರೆ ಕಡೆಯಿಂದ ಬರುತ್ತದೆ. ಚಿಪ್ಪು ಬಾಯಿ ತೆರೆದಾಗ ಎರಡೂ ಅಂಚಿನಿಂದ ಸೆರಗಿನ ಹಾಗೆ ಹೊರಗೆ ಹರಡಿಕೊಳ್ಳುವ ಮಾಂಸವಿದೆ. ಮ್ಯಾಂಟಲ್ ಎಂದು ಅದರ ಹೆಸರು. ಅದರೊಳಗೆ ಕಣ್ಣಿಗೆ ಕಾಣದ ಪಾಚಿ ಕೋಟಿಗಟ್ಟಲೆ ಮನೆಮಾಡಿಕೊಂಡಿರುತ್ತದೆ. ಪಾಚಿ ಬೆಳಕಿನಿಂದ ಸಕ್ಕರೆ ಮಾಡಿ ಅದರಲ್ಲಿ ದೊಡ್ಡ ಪಾಲನ್ನು ಚಿಪ್ಪಿಗೆ ಬಿಟ್ಟುಕೊಡುತ್ತದೆ. ಚಿಪ್ಪಿನ ಮೈಯಿಂದ ಹೊರಬೀಳುವ ಅಮೋನಿಯಾ, ಇಂಗಾಲದ ಡೈ ಆಕ್ಸೈಡ್ ಪಾಚಿಗೆ ಗೊಬ್ಬರವಾಗುತ್ತದೆ. ಹವಳದ ಬಾಳ್ವೆಯೂ ಹೀಗೆಯೇ. ಹಾಗಾಗಿಯೇ ಬಳಚು ಕೆಸರಿನೊಳಗೆ ಹೂತು ಕೂತರೆ, ಈ ಚಿಪ್ಪು ಬೆನ್ನಿನ ಕೀಲನ್ನು ಕೆಳಗೆ ಹಾಕಿ, ಬಾಯಿಯನ್ನು ಸೂರ್ಯನ ಕಡೆ ತೆರೆದು ಕೂರುತ್ತದೆ.

ಚಿಪ್ಪು, ಪಾಚಿಗಳ ಈ ನಂಟನ್ನು ಜಗತ್ತಿಗೆ ಚೆನ್ನಾಗಿ ತೋರಿಸಿಕೊಟ್ಟವರು ಇಂಗ್ಲೆಂಡಿನ ಸಿ. ಎಂ. ಯಂಗ್. 1928–29ರಲ್ಲಿ ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫಿಗೆ ಹೋದ ತಂಡದ ಮುಂದಾಳು ಅವರೇ. ಲೋ ಐಲ್ಸ್ ಎಂಬ ಪುಟ್ಟ ದ್ವೀಪದಲ್ಲಿ ತಂಡ ಬೀಡುಬಿಟ್ಟಿತ್ತು. ಆದರೆ ಚಿಪ್ಪು ತನ್ನ ಮೈಯಲ್ಲೇ ಪಾಚಿಯನ್ನು ಬೆಳೆಸಿ, ಅದನ್ನೇ ಅರಗಿಸಿಕೊಂಡು ತಿನ್ನುತ್ತದೆ ಎಂದು ಯಂಗ್ ಭಾವಿಸಿದ್ದರು. ಮುಂದೆ ಸೂಕ್ಷ್ಮವಾಗಿ ನೋಡಿದವರಿಗೆ ಹೊಟ್ಟೆಯಿಂದ ಹೊರಟು ಮ್ಯಾಂಟಲ್‌ವರೆಗೂ ಕವಲೊಡೆಯುತ್ತ ಹೋಗುವ ನಾಳಗಳು ಕಂಡವು. ಪಾಚಿ ಇರುವುದು ಆ ನಾಳಗಳಲ್ಲಿ. ಬೆಳೆದ ಬೆಳೆಯನ್ನು ಕೊಯ್ದು ತಿನ್ನುವುದಕ್ಕಿಂತ, ಬೆಳೆ ಬದುಕಿರುವಾಗಲೇ ಸೋರುವ ರಸ ಚಿಪ್ಪಿಗೆ ಹೆಚ್ಚು ಮುಖ್ಯ ಎಂದು ಈಗ ತಿಳಿದಿದೆ.

ಇಷ್ಟು ಹೇಳಿದ ಮೇಲೂ ನಾಗವೇಣಕ್ಕ ಬಿಡಲಿಲ್ಲ. "ಹಾಗಾದ್ರೆ ಸೋಸಿ ತಿಂಬೂದು ಸುಳ್ಳನಾ?" ಸುಳ್ಳಲ್ಲ. 1992ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಒಂದು ಅಧ್ಯಯನದಲ್ಲಿ, ಈ ಬಳಗದಲ್ಲೇ ಅತಿ ದೊಡ್ಡದಾದ ದೈತ್ಯ ಜಾತಿಯ ತೀರ ಚಿಕ್ಕ ಮರಿಗಳಿಗೆ ಉಸಿರಾಟಕ್ಕೂ ಬೆಳವಣಿಗೆಗೂ ಬೇಕಾದ ಇಂಗಾಲದಲ್ಲಿ ಸುಮಾರು ಮೂರನೇ ಎರಡು ಪಾಲು ಸೋಸುವುದರಿಂದಲೇ ಬರುತ್ತಿತ್ತು. ದೊಡ್ಡವಾದಂತೆ ಅದು ಮೂರನೇ ಒಂದು ಪಾಲಿಗೆ ಇಳಿಯಿತು. ಇಂಥದನ್ನು ಓದಿದ ಕೆಲವರು ಬಾಟಲಿಯಲ್ಲಿ ಬರುವ ಹಸಿರು ಪ್ಲಾಂಕ್ಟನ್ ತಂದು ದಿನವೂ ಸುರಿಯುತ್ತಾರೆ. ಮೀನಿರುವ, ಮೀನಿಗೆ ಊಟ ಬೀಳುವ ತೊಟ್ಟಿಯಲ್ಲಿ ತೇಲುವ ಕಣಗಳಿಗೆ ಬರವಿಲ್ಲ. ಬೆಳಕು ಸಾಲದ ತೊಟ್ಟಿಯಲ್ಲಿ ಎಷ್ಟು ಬಾಟಲಿ ಸುರಿದರೂ ಚಿಪ್ಪು ಉಳಿಯುವುದಿಲ್ಲ, ಸುರಿದದ್ದು ಕೊಳೆತು ನೀರು ಕೆಡುತ್ತದೆ. ತೀರ ಎಳೆಯ ಮರಿ ತಂದವರು ಬೇಕಾದರೆ ಸ್ವಲ್ಪ ಕೊಡಲಿ. ನನ್ನ ಸಲಹೆ ಕೇಳಿದರೆ, ಎರಡೂವರೆ ಮೂರು ಅಂಗುಲಕ್ಕಿಂತ ಚಿಕ್ಕದನ್ನು ತರಲೇಬೇಡಿ. ಅಷ್ಟು ಚಿಕ್ಕ ಜೀವಕ್ಕೆ ಪೆಟ್ಟು ತಡೆಯುವ ಬಂಡವಾಳ ಮೈಯಲ್ಲಿರುವುದಿಲ್ಲ.

ಬಣ್ಣದ ಗುಟ್ಟೂ ಅವರಿಗೆ ಬೇಕಿತ್ತು. ಪಾಚಿಯ ಬಣ್ಣ ಕಂದು. ಆದರೆ ಮ್ಯಾಂಟಲ್ ಮೇಲೆ ನೀಲಿ, ಹಸಿರು, ಚಿನ್ನದ ಚುಕ್ಕೆ ಎಲ್ಲ ಹೊಳೆಯುತ್ತವೆ. ಅದಕ್ಕೆ ಕಾರಣ ಮೇಲ್ಪದರದಲ್ಲಿರುವ ವಿಶೇಷ ಕೋಶಗಳು. ಅವುಗಳೊಳಗೆ ತೆಳ್ಳನೆಯ ಹರಳಿನ ಹಾಳೆಗಳು ಒಂದರ ಮೇಲೊಂದು ಜೋಡಿಸಿಕೊಂಡಿವೆ. 2014ರಲ್ಲಿ ಅಮೆರಿಕದ ಆಲಿಸನ್ ಸ್ವೀನಿ ಮತ್ತು ಜೊತೆಯವರು ಇವುಗಳ ಕೆಲಸವನ್ನು ಬಿಡಿಸಿ ತೋರಿಸಿದರು: ಪಾಚಿಗೆ ಉಪಯೋಗಕ್ಕೆ ಬರುವ ಬೆಳಕನ್ನು ಈ ಕೋಶಗಳು ಒಳಕ್ಕೆ ಹರಡಿ ಕಳಿಸುತ್ತವೆ, ಉಪಯೋಗಕ್ಕೆ ಬಾರದ್ದನ್ನು ಹೊರಕ್ಕೆ ತಿರುಗಿಸುತ್ತವೆ. ಪಾಚಿ ಒಳಗೆ ಸಣ್ಣ ಸಣ್ಣ ಕಂಬಗಳಾಗಿ ನಿಂತಿರುವುದರಿಂದ ಮೇಲಿನದಕ್ಕೆ ಸುಡುವಷ್ಟು, ಕೆಳಗಿನದಕ್ಕೆ ಕತ್ತಲೆ ಎಂದಾಗದೆ ಎಲ್ಲಕ್ಕೂ ಹದವಾದ ಬೆಳಕು ಸಿಗುತ್ತದೆ. ನಾವು ಚಂದ ಎಂದು ಕಾಸು ಕೊಟ್ಟು ತರುವ ಆ ಹೊಳಪು, ಚಿಪ್ಪು ತನಗೆ ಬೇಡವೆಂದು ವಾಪಸ್ ಕಳಿಸಿದ ಬೆಳಕು. ಇದನ್ನು ಓದಿದ ರಾತ್ರಿ ನಾನು ತೊಟ್ಟಿಯ ಮುಂದೆ ಬಹಳ ಹೊತ್ತು ಕೂತಿದ್ದೆ.

ಬೆಳಕಿನ ಲೆಕ್ಕ ಜಾತಿಯಿಂದ ಜಾತಿಗೆ ಬೇರೆ. ಕ್ರೋಸಿಯಾ ಎಲ್ಲಕ್ಕಿಂತ ಚಿಕ್ಕದು, ಒಂದು ಗೇಣು ಮೀರುವುದು ಅಪರೂಪ. ಹವಳದ ಬಂಡೆಯನ್ನು ಕೊರೆದು ಒಳಗೆ ಕೂರುತ್ತದೆ. ಮ್ಯಾಕ್ಸಿಮಾ ಅದಕ್ಕಿಂತ ದೊಡ್ಡದು, ಅದೂ ಬಂಡೆಯ ಜೀವಿಯೇ. ಇವೆರಡಕ್ಕೂ ಉರಿಬಿಸಿಲು ಬೇಕು. ಒಳ್ಳೆಯ ಎಲ್‌ಇಡಿ ದೀಪದ ಕೆಳಗೆ, ಮೇಲಿನ ಬಂಡೆಯಲ್ಲೇ ಇಡಬೇಕು. ಡೆರಾಸಾ ಮತ್ತು ಸ್ಕ್ವಾಮೋಸಾ ಸ್ವಲ್ಪ ಕಡಿಮೆ ಬೆಳಕಿನಲ್ಲೂ ಬಾಳುತ್ತವೆ, ಮರಳಿನ ಮೇಲೆ ಕೂರುತ್ತವೆ. ನನ್ನಲ್ಲಿರುವುದು ಡೆರಾಸಾ. ಮೊದಲ ಬಾರಿ ಚಿಪ್ಪು ಸಾಕುವವರಿಗೆ ಇದೇ ಸರಿ. ಅಂಗಡಿಯಲ್ಲಿ ಮಾತ್ರ ಕಣ್ಣು ಸೆಳೆಯುವುದು ಮ್ಯಾಕ್ಸಿಮಾದ ಕಡುನೀಲಿಯೇ, ಅಲ್ಲೇ ಬಹಳ ಮನೆಗಳ ದುಃಖ ಶುರುವಾಗುತ್ತದೆ. ಯಾವುದನ್ನೇ ತಂದರೂ ದೀಪವನ್ನು ಮೊದಲ ದಿನವೇ ಪೂರ್ತಿ ಉರಿಸಬಾರದು. ಸಾಗಣೆಯ ಪೆಟ್ಟಿಗೆಯ ಕತ್ತಲಲ್ಲಿ ಬಂದ ಜೀವ ಅದು. ಕೆಲವು ವಾರಗಳ ಮೇಲೆ ನಿಧಾನವಾಗಿ ಏರಿಸಬೇಕು.

ನೀರಿನ ವಿಚಾರಕ್ಕೆ ಬಂದಾಗ ನಾಗವೇಣಕ್ಕನೇ ನನಗೆ ಪಾಠ ಹೇಳಿದರು.

ಅಘನಾಶಿನಿಗೆ ಅಣೆಕಟ್ಟಿಲ್ಲ. ಬೇಸಿಗೆಯಲ್ಲಿ ಸಮುದ್ರದ ಉಪ್ಪು ಒಳನಾಡಿನವರೆಗೆ ಏರುತ್ತದೆ, ಮಳೆಗಾಲದಲ್ಲಿ ಘಟ್ಟದ ನೀರು ಇಳಿದು ಅಳಿವೆ ಪೂರ್ತಿ ಸಪ್ಪೆಯಾಗುತ್ತದೆ. ಆ ಏರಿಳಿತಕ್ಕೆ ಬಳಚು ಹೊಂದಿಕೊಂಡಿದೆ. ಮಳೆಗಾಲದಲ್ಲಿ ಎಷ್ಟೋ ಸಾಯುತ್ತವೆ, ಉಪ್ಪು ಮರಳಿದಾಗ ಮತ್ತೆ ಮರಿ ಹಿಡಿಯುತ್ತದೆ, ಹೆಂಗಸರು ಮತ್ತೆ ಬುಟ್ಟಿ ಹಿಡಿದು ಇಳಿಯುತ್ತಾರೆ. ಪಕ್ಕದ ಶರಾವತಿಯ ಕಥೆ ಬೇರೆ. ವಿದ್ಯುತ್ ಉತ್ಪಾದನೆಗೆ ಬಿಟ್ಟ ಸಿಹಿನೀರು ಅಲ್ಲಿ ವರ್ಷವಿಡೀ ಅಳಿವೆಗೆ ಬಂದು ಬೀಳುತ್ತದೆ, ಉಪ್ಪು ಏರುವುದಕ್ಕೆ ಅವಕಾಶವೇ ಇಲ್ಲ. ಅಲ್ಲಿನ ಚಿಪ್ಪುಗಳು ಬಹುಮಟ್ಟಿಗೆ ಇಲ್ಲವಾದವು. "ಹೊಳೆ ಅದೇ, ನೀರೂ ಹರೀತದೆ, ಆದ್ರೆ ಚಿಪ್ಪಿಗೆ ಬೇಕಾದ ನೀರು ಅದಲ್ಲ" ಅಂದರು ಅಕ್ಕ. ನಾನು ಟೆಸ್ಟ್ ಕಿಟ್ಟು ಹಿಡಿದು ಕಲಿತದ್ದನ್ನು ಅವರು ಹೊಳೆಯಲ್ಲಿ ನಿಂತು ಕಲಿತಿದ್ದಾರೆ.

ನನ್ನ ತೊಟ್ಟಿಯ ಚಿಪ್ಪಿನ ಮೂಲ ಹವಳದ ಸಮುದ್ರ. ಅಲ್ಲಿ ಮಳೆಗಾಲ ಬಂದರೂ ಉಪ್ಪಿನ ಪ್ರಮಾಣ ಹೆಚ್ಚು ಅಲುಗುವುದಿಲ್ಲ, ಒಂದು ಕಿಲೋ ನೀರಿಗೆ 35 ಗ್ರಾಂ ಆಸುಪಾಸು. ಬಿಸಿಯೂ ಹಾಗೆಯೇ. ಬಳಚಿಗಿರುವ ತಾಳಿಕೆ ಇದಕ್ಕಿಲ್ಲ, ಬೇಕಾಗಿಯೇ ಇರಲಿಲ್ಲ. ಹಾಗಾಗಿ ಇದನ್ನು ಸಾಕುವವರ ಕೆಲಸವೆಲ್ಲ ಒಂದೇ: ನೀರು ಇವತ್ತು ಹೇಗಿತ್ತೋ ನಾಳೆಯೂ ಹಾಗೇ ಇರುವಂತೆ ನೋಡಿಕೊಳ್ಳುವುದು. ತೊಟ್ಟಿಯಿಂದ ದಿನವೂ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಹಿಂದೆ ಉಳಿಯುತ್ತದೆ. ಆ ನಷ್ಟವನ್ನು ಸಿಹಿನೀರಿನಿಂದಲೇ ತುಂಬಬೇಕು, ವಾರಕ್ಕೊಮ್ಮೆ ಬಕೆಟ್ ಸುರಿಯದೆ ದಿನವಿಡೀ ಸ್ವಲ್ಪಸ್ವಲ್ಪವಾಗಿ. ನಲ್ಲಿಯ ನೀರನ್ನು ನೇರವಾಗಿ ಬಳಸುವ ಹಾಗಿಲ್ಲ. ಕ್ಯಾಲಿಫೋರ್ನಿಯದ ಅನೇಕ ಊರುಗಳ ನಲ್ಲಿ ನೀರಿನಲ್ಲಿ ಕ್ಲೋರಮೈನ್ ಇರುತ್ತದೆ, ಹಳೆಯ ಕೊಳವೆಯಿಂದ ತಾಮ್ರದ ಅಂಶವೂ ಸೇರಬಹುದು. ಚಿಪ್ಪಿಗೆ ತಾಮ್ರ ವಿಷ. ಮೀನಿನ ಕಾಯಿಲೆಗೆ ಕೊಡುವ ಹಲವು ಔಷಧಿಗಳಲ್ಲೂ ತಾಮ್ರವಿದೆ. ಮೀನಿಗೆ ಔಷಧಿ ಬೇಕಾದರೆ ಅದನ್ನು ಬೇರೆ ತೊಟ್ಟಿಗೆ ಹಾಕಿ ಕೊಡಬೇಕು, ಚಿಪ್ಪಿರುವ ನೀರಿಗೆ ಒಂದು ಹನಿಯೂ ಬೀಳಬಾರದು.

ಇನ್ನು ಸುಣ್ಣ. ಈ ಮಾತು ಬಂದಾಗ ಅಕ್ಕ ಬೇಲಿಗೆ ಇನ್ನಷ್ಟು ಹತ್ತಿರ ಬಂದರು. ಅವರು ಎಲೆಗೆ ಸವರುವ ಸುಣ್ಣ ಊರಿನಲ್ಲಿ ಚಿಪ್ಪು ಸುಟ್ಟು ಮಾಡಿದ್ದು. ಚಿಪ್ಪು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಸುಟ್ಟರೆ ಸುಟ್ಟಸುಣ್ಣ, ನೀರು ಹಾಕಿದರೆ ಅರಳಿದ ಸುಣ್ಣ. ನನ್ನ ತೊಟ್ಟಿಯಲ್ಲಿ ನಡೆಯುವುದು ಅದರ ಮರುಪಯಣ. ಅರಳಿದ ಸುಣ್ಣದ ತಿಳಿನೀರನ್ನು ರಾತ್ರಿಹೊತ್ತು ಹನಿಹನಿಯಾಗಿ ತೊಟ್ಟಿಗೆ ಬಿಡುತ್ತೇನೆ, ಚಿಪ್ಪು ಅದನ್ನು ಹೀರಿ ಮತ್ತೆ ಚಿಪ್ಪನ್ನೇ ಕಟ್ಟುತ್ತದೆ. ಸುಣ್ಣದ ನೀರು ಬಹಳ ಖಾರ, ಅದರ ಪಿಎಚ್ 12ರ ಮೇಲೆ. ಒಮ್ಮೆಗೇ ಸುರಿದರೆ ತೊಟ್ಟಿಯ ಜೀವಗಳೆಲ್ಲ ಹೋಗುತ್ತವೆ. ರಾತ್ರಿಯೇ ಏಕೆಂದರೆ, ದೀಪ ಆರಿದ ಮೇಲೆ ಪಾಚಿಯ ಕೆಲಸ ನಿಂತು, ಉಸಿರಾಟದ ಇಂಗಾಲದ ಡೈ ಆಕ್ಸೈಡ್ ಸೇರಿ ನೀರಿನ ಪಿಎಚ್ ಇಳಿಯುತ್ತದೆ. ಸುಣ್ಣದ ಖಾರ ಆ ಇಳಿತವನ್ನು ಸರಿದೂಗಿಸುತ್ತದೆ.

ಸುಣ್ಣ ಸಾಕೇ ಎಂದು ತಿಳಿಯುವುದಕ್ಕೆ ಅಳೆಯಲೇಬೇಕು. ಕ್ಯಾಲ್ಸಿಯಂ 420 ಪಿಪಿಎಂ ಆಸುಪಾಸು, ಮೆಗ್ನೀಸಿಯಂ 1300, ಆಲ್ಕಲಿನಿಟಿ (ನೀರಿನಲ್ಲಿ ಕರಗಿರುವ ಕಾರ್ಬೊನೇಟಿನ ಅಳತೆ) 8ರಿಂದ 9 ಡಿಕೆಎಚ್, ಶಾಖ 25ರಿಂದ 27 ಡಿಗ್ರಿ ಸೆಲ್ಸಿಯಸ್. ಈ ಸಂಖ್ಯೆಗಳಲ್ಲಿ ಒಂದನ್ನೇ ಅಳೆಯಲು ಸಮಯವಿದೆ ಎನ್ನುವವರು ಆಲ್ಕಲಿನಿಟಿ ಅಳೆಯಲಿ. ಚಿಪ್ಪು ಸುಖವಾಗಿ ಬೆಳೆಯುತ್ತಿದ್ದರೆ ದಿನವೂ ಅದು ಒಂದಿಷ್ಟು ಇಳಿಯುತ್ತದೆ, ಅಷ್ಟನ್ನೇ ತುಂಬಬೇಕು. ಇದ್ದಕ್ಕಿದ್ದಂತೆ ಇಳಿಯುವುದು ನಿಂತರೆ ಚಿಪ್ಪು ಕಟ್ಟುವುದನ್ನು ನಿಲ್ಲಿಸಿದೆ ಎಂದು ಅರ್ಥ. ಕಣ್ಣಿಗೆ ಏನೂ ಕಾಣುವ ಮೊದಲೇ ಈ ಸುದ್ದಿ ಬಂದುಬಿಡುತ್ತದೆ. ಆರೋಗ್ಯವಾಗಿರುವಾಗ ಚಿಪ್ಪಿನ ಮೇಲಂಚಿನಲ್ಲಿ ಅಚ್ಚಬಿಳಿಯ ಹೊಸ ಪಟ್ಟಿಯೊಂದು ಕಾಣುತ್ತದೆ, ಹಳೆಯ ಭಾಗದ ಹಾಗೆ ಅದಕ್ಕೆ ಪಾಚಿ ಹತ್ತಿರುವುದಿಲ್ಲ. ಆ ಬಿಳಿ ಗೆರೆ ಕಂಡ ದಿನ ಮನೆಯಲ್ಲಿ ಪಾಯಸ ಮಾಡುವಷ್ಟು ಸಂತೋಷ ನನಗೆ.

ಒಂದು ವಿಷಯದಲ್ಲಿ ನನಗೂ ಈ ಹವ್ಯಾಸದ ಅನೇಕ ಗೆಳೆಯರಿಗೂ ಜಗಳವಿದೆ. ಅವರು ನೀರನ್ನು ಎಷ್ಟು ತೊಳೆಯುತ್ತಾರೆಂದರೆ ನೈಟ್ರೇಟೂ ಸೊನ್ನೆ, ಫಾಸ್ಫೇಟೂ ಸೊನ್ನೆ. ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರು, ರಾಸಾಯನಿಕ ಸೋಸುವಿಕೆ, ಎಲ್ಲ ಹಾಕಿ ಹೆಮ್ಮೆಪಡುತ್ತಾರೆ. ಆಮೇಲೆ ಚಿಪ್ಪು ಬಿಳಿಚಿಕೊಂಡಿತು ಎಂದು ಕೊರಗುತ್ತಾರೆ. ಪಾಚಿಗೆ ಸಾರಜನಕ ಬೇಕು. ಚಿಪ್ಪು ಸಾಕುವ ಕೇಂದ್ರಗಳಲ್ಲಿ ನೀರಿಗೆ ಅಮೋನಿಯಂ ಸೇರಿಸಿ ಮರಿಗಳನ್ನು ಬೇಗ ಬೆಳೆಸಿದ್ದಾರೆ. ಮನೆಯಲ್ಲಿ ಅಷ್ಟೆಲ್ಲ ಬೇಡ. ಮೀನುಗಳನ್ನು ಹೊಟ್ಟೆತುಂಬ ಉಣಿಸಿ ನೈಟ್ರೇಟ್ 5ರಿಂದ 10 ಪಿಪಿಎಂ ಇರುವಂತೆ ಬಿಟ್ಟರೆ ಸಾಕು. ಮೀನಿನ ಹಿಕ್ಕೆಯಿಂದ ಚಿಪ್ಪಿನ ಹೊಟ್ಟೆ ತುಂಬುತ್ತದೆ ಎಂದಾಗ ನಾಗವೇಣಕ್ಕನಿಗೆ ಆಶ್ಚರ್ಯವೇನೂ ಆಗಲಿಲ್ಲ. ಹೊಳೆಯಲ್ಲಿ ಬಳಚು ದಪ್ಪಗೆ ಬೆಳೆಯುವ ಜಾಗ ಯಾವುದೆಂದು ಅವರಿಗೆ ಗೊತ್ತು.

ಕೊಳ್ಳುವಾಗ ನೋಡಬೇಕಾದ್ದನ್ನು ಅವರ ಮಗ ಪ್ರಶಾಂತನಿಗೂ ಕೇಳುವಂತೆ ಸ್ವಲ್ಪ ಜೋರಾಗಿಯೇ ಹೇಳಿದೆ, ಆತನೂ ಒಂದು ಕೊಳ್ಳುವ ಯೋಚನೆಯಲ್ಲಿದ್ದ. ಚಿಪ್ಪಿನ ಮೇಲೆ ಕೈಯ ನೆರಳು ಹಾಯಿಸಬೇಕು. ಮ್ಯಾಂಟಲ್ ಅಂಚಿನಲ್ಲಿ ನೂರಾರು ಪುಟ್ಟ ಕಣ್ಣುಗಳಿವೆ, ನೆರಳು ಬಿದ್ದೊಡನೆ ಚಿಪ್ಪು ಮೈ ಒಳಗೆಳೆದುಕೊಳ್ಳುತ್ತದೆ. ಎಳೆದುಕೊಳ್ಳದೆ ಸುಮ್ಮನಿದ್ದರೆ ಅದು ಬಳಲಿದೆ. ನೀರೆಳೆಯುವ ಬಾಯಿ ಅಗತ್ಯಕ್ಕಿಂತ ಅಗಲವಾಗಿ ಹಾ ಎಂದು ತೆರೆದಿದ್ದರೂ, ಮ್ಯಾಂಟಲ್ ನಡುವೆ ಬಿಳಿಚಿದ್ದರೂ ಬಿಟ್ಟು ಬರಬೇಕು. ಆಮೇಲೆ ಕೆಳಭಾಗ. ಕೀಲಿನ ಹತ್ತಿರ ಒಂದು ಕಂಡಿಯಿದೆ, ಅಲ್ಲಿಂದ ನೂಲಿನಂಥ ಎಳೆಗಳು ಹೊರಟು ಬಂಡೆಗೆ ಅಂಟಿಕೊಳ್ಳುತ್ತವೆ. ಬಂಡೆಯಿಂದ ಅಥವಾ ಗಾಜಿನಿಂದ ಚಿಪ್ಪನ್ನು ಕಿತ್ತರೆ ಆ ಎಳೆಗಳ ಬುಡದಲ್ಲಿರುವ ಅಂಗವೇ ಹರಿದುಬರುತ್ತದೆ, ಹಾಗೆ ಹರಿದದ್ದು ಹೆಚ್ಚು ದಿನ ಬದುಕುವುದಿಲ್ಲ. ಎಳೆಗಳನ್ನು ಬ್ಲೇಡಿನಿಂದ ನಯವಾಗಿ ಕೊಯ್ಯಬೇಕು, ಹೊಸ ಎಳೆಯನ್ನು ಚಿಪ್ಪೇ ನೇಯ್ದುಕೊಳ್ಳುತ್ತದೆ. ಮರಳಿನ ಮೇಲೆ ಇಡುವುದಾದರೆ ಕೆಳಗೊಂದು ಚಪ್ಪಟೆ ಕಲ್ಲು ಹೂತಿಟ್ಟರೆ ಅದು ಕಲ್ಲಿಗೆ ಅಂಟುತ್ತದೆ, ಬೇಕಾದಾಗ ಕಲ್ಲುಸಮೇತ ಎತ್ತಬಹುದು.

ಶತ್ರುಗಳ ಪೈಕಿ ದೊಡ್ಡದಕ್ಕಿಂತ ಚಿಕ್ಕದಕ್ಕೇ ಹೆದರಬೇಕು. ನಾಲ್ಕೈದು ಮಿಲಿಮೀಟರ್ ಉದ್ದದ ಬಿಳಿ ಬಸವನಹುಳುಗಳು ಹಗಲು ಚಿಪ್ಪಿನ ಬುಡದಲ್ಲಿ ಅಡಗಿದ್ದು, ರಾತ್ರಿ ಅಂಚಿಗೆ ಹತ್ತಿ ಮಾಂಸಕ್ಕೆ ಸೊಂಡಿಲು ಚುಚ್ಚಿ ರಸ ಹೀರುತ್ತವೆ. ಒಂದೆರಡು ಇದ್ದರೆ ತೊಂದರೆ ಇಲ್ಲ ಎನ್ನಬೇಡಿ, ಅವು ಬಹಳ ಬೇಗ ಸಂಸಾರ ಬೆಳೆಸುತ್ತವೆ. ಹೊಸ ಚಿಪ್ಪು ತಂದ ದಿನವೇ ಹಳೆಯ ಟೂತ್‌ಬ್ರಷ್ಷಿನಿಂದ ಹೊರಮೈಯ ಮಡಿಕೆಗಳನ್ನೆಲ್ಲ ಉಜ್ಜಬೇಕು, ಲೋಳೆಯಂಥ ಮೊಟ್ಟೆಯ ತೇಪೆ ಕಂಡರೆ ಕೆರೆದು ತೆಗೆಯಬೇಕು. ರಾತ್ರಿ ಟಾರ್ಚು ಹಿಡಿದು ನೋಡುವ ಅಭ್ಯಾಸ ಒಳ್ಳೆಯದು. ರಾಸ್ ಜಾತಿಯ ಕೆಲವು ಮೀನುಗಳು ಈ ಹುಳುಗಳನ್ನು ಹೆಕ್ಕಿ ತಿನ್ನುತ್ತವೆ. ಅದೇ ಕುಬ್ಜ ಏಂಜೆಲ್ ಮೀನು, ಬಟರ್‌ಫ್ಲೈ ಮೀನುಗಳನ್ನು ಚಿಪ್ಪಿನ ಜೊತೆ ಇಡುವುದು ಅಪಾಯ. ಒಮ್ಮೆ ಮ್ಯಾಂಟಲ್ ರುಚಿ ಹತ್ತಿತೆಂದರೆ ದಿನವಿಡೀ ಕುಕ್ಕುತ್ತವೆ, ಚಿಪ್ಪು ಬಾಯಿ ತೆರೆಯುವುದನ್ನೇ ಬಿಟ್ಟು ಬೆಳಕಿಲ್ಲದೆ ಸೊರಗುತ್ತದೆ.

ಬಿಸಿಲಿನ ಭಯವೂ ಇದೆ. 2022ರ ಸೆಪ್ಟೆಂಬರಿನ ಮೊದಲ ವಾರ ನಮ್ಮ ಕೊಲ್ಲಿಯ ಸುತ್ತಲಿನ ಊರುಗಳಲ್ಲಿ ದಾಖಲೆಯ ಬಿಸಿ. ನೀರು 30 ಡಿಗ್ರಿ ದಾಟಿ ಅಲ್ಲೇ ನಿಂತರೆ ಪಾಚಿ ಚಿಪ್ಪನ್ನು ಬಿಟ್ಟು ಹೊರಡುತ್ತದೆ, ಹವಳಕ್ಕೆ ಆಗುವ ಹಾಗೆಯೇ. ನೀರಿನ ಮೇಲ್ಮೈಗೆ ಸಾಧಾರಣ ಟೇಬಲ್ ಫ್ಯಾನ್ ಬೀಸಿದರೆ ಒಂದೆರಡು ಡಿಗ್ರಿ ಇಳಿಯುತ್ತದೆ. ಆವಿ ಹೆಚ್ಚಾಗುವುದರಿಂದ ಸಿಹಿನೀರು ತುಂಬುವುದನ್ನೂ ಹೆಚ್ಚಿಸಬೇಕು. ಕರೆಂಟು ಹೋದಾಗ ಗಾಳಿ ಊದಲು ಬ್ಯಾಟರಿ ಪಂಪ್ ಇರಲೇಬೇಕು.

"ಇದನ್ನು ಸಮುದ್ರದಿಂದ ಹೆಕ್ಕಿ ತಂದದ್ದಾ?" ಎಂದು ಅಕ್ಕ ಕೇಳಿದರು. ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದ ಪ್ರಶ್ನೆ ಇದು.

ಅಲ್ಲ, ಇದು ಸಾಕಣೆಯ ಚಿಪ್ಪು. ಪೆಸಿಫಿಕ್ ಸಮುದ್ರದ ಪಲಾವ್ ದ್ವೀಪದಲ್ಲಿ ಜೆರಾಲ್ಡ್ ಹೆಸ್ಲಿಂಗಾ ಮುಂತಾದವರು ಡೆರಾಸಾವನ್ನು ಮೊಟ್ಟೆಯಿಂದ ಬೆಳೆಸುವ ಕ್ರಮವನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿ ತೋರಿಸಿದರು. ಈ ಚಿಪ್ಪುಗಳು ಮೊದಲು ಗಂಡಾಗಿ ಬೆಳೆದು, ಆಮೇಲೆ ಗಂಡು ಹೆಣ್ಣು ಎರಡೂ ಆಗುತ್ತವೆ. ದೊಡ್ಡದೊಂದು ಒಮ್ಮೆಗೆ ಕೋಟಿಗಟ್ಟಲೆ ಮೊಟ್ಟೆ ಬಿಡುತ್ತದೆ. ಮೊಟ್ಟೆಯಲ್ಲಿ ಪಾಚಿ ಇರುವುದಿಲ್ಲ. ಒಂದು ವಾರಕ್ಕಿಂತ ತುಸು ಹೆಚ್ಚು ದಿನ ಈಜಾಡಿ ತಳಕ್ಕೆ ಇಳಿಯುವ ಮರಿ, ತನ್ನ ಜೀವಮಾನದ ಜೊತೆಗಾರನನ್ನು ಸುತ್ತಲಿನ ನೀರಿನಿಂದಲೇ ಹುಡುಕಿಕೊಳ್ಳಬೇಕು. ಸಾಕಣೆ ಕೇಂದ್ರದಲ್ಲಿ ದೊಡ್ಡ ಚಿಪ್ಪಿನಿಂದ ತೆಗೆದ ಪಾಚಿಯನ್ನು ಮರಿಗಳಿಗೆ ಉಣಿಸುತ್ತಾರೆ. ಫಿಲಿಪ್ಪೀನ್ಸಿನ ಬೊಲಿನಾವೊದಲ್ಲಿ ಎಡ್ಗಾರ್ಡೊ ಗೋಮೆಜ್ ಮತ್ತವರ ಶಿಷ್ಯರು ಇದೇ ವಿದ್ಯೆಯಿಂದ, ತಮ್ಮ ಕರಾವಳಿಯಲ್ಲಿ ಹೆಚ್ಚುಕಡಿಮೆ ಮುಗಿದೇಹೋಗಿದ್ದ ದೈತ್ಯ ಚಿಪ್ಪುಗಳನ್ನು ಮತ್ತೆ ಸಮುದ್ರಕ್ಕೆ ನೆಟ್ಟರು. 2019ರಲ್ಲಿ ತೀರಿಕೊಂಡ ಆ ವಿಜ್ಞಾನಿಯನ್ನು ನೆನೆಯದೆ ಈ ಮಾತು ಮುಗಿಸಲಾರೆ.

ಮುಗಿದುಹೋಗಿದ್ದೇಕೆ? ಮಾಂಸಕ್ಕೆ, ಚಿಪ್ಪಿಗೆ. ದೈತ್ಯ ಜಾತಿ ನಾಲ್ಕು ಅಡಿ ಮೀರಿ, 200 ಕಿಲೋಗೂ ಹೆಚ್ಚು ತೂಗುತ್ತದೆ. ಪ್ಯಾರಿಸ್ಸಿನ ಸೇಂತ್ ಸುಲ್ಪೀಸ್ ಚರ್ಚಿನಲ್ಲಿ ಪವಿತ್ರಜಲ ಇಡಲು ಇಟ್ಟಿರುವ ಎರಡು ಬೋಗುಣಿಗಳು ಇಂಥ ಚಿಪ್ಪಿನವೇ, ವೆನಿಸ್ಸಿನವರು ಫ್ರಾನ್ಸಿನ ದೊರೆಗೆ ಕೊಟ್ಟ ಕಾಣಿಕೆ. ಅದು ಹಳೆಯ ಮಾತು. ನಮ್ಮ ಕಾಲದಲ್ಲೇ ದಕ್ಷಿಣ ಚೀನಾ ಸಮುದ್ರದಲ್ಲಿ ದೋಣಿಯ ಪ್ರೊಪೆಲ್ಲರಿನಿಂದ ಹವಳದ ದಿಬ್ಬವನ್ನೇ ಕೊಚ್ಚಿ, ಸತ್ತ ಚಿಪ್ಪನ್ನೂ ಬಿಡದೆ ಅಗೆದು, ಕೆತ್ತನೆಯ ಸಾಮಾನಿಗಾಗಿ ಸಾಗಿಸಿದರು. ಹೈನಾನ್ ಪ್ರಾಂತ 2017ರ ಜನವರಿಯಿಂದ ಆ ವ್ಯಾಪಾರ ನಿಷೇಧಿಸಿತು, ಅಷ್ಟು ಹೊತ್ತಿಗೆ ದಿಬ್ಬಗಳು ಪುಡಿಯಾಗಿದ್ದವು. ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರವಾನಗಿ ಬೇಕೆಂಬ ಸೈಟಿಸ್ ಒಪ್ಪಂದದ ನಿಯಮ ಈ ಚಿಪ್ಪುಗಳಿಗೆಲ್ಲ 1985ರಿಂದ ಇದೆ. 2024ರ ಜುಲೈನಲ್ಲಿ ಅಮೆರಿಕ ಸರ್ಕಾರ ಹತ್ತು ಜಾತಿಗಳನ್ನು ಅಳಿವಿನಂಚಿನ ಜೀವಿಗಳ ಕಾಯ್ದೆಯ ಕೆಳಗೆ ತರುವ ಪ್ರಸ್ತಾಪ ಇಟ್ಟಿತು. ಅದರಲ್ಲಿ ಡೆರಾಸಾವೂ ಇದೆ. ಇದರಿಂದ ನನ್ನಂಥವರಿಗೆ ತೊಂದರೆಯಾದೀತು ಎಂದು ಗೊಣಗುವ ಗೆಳೆಯರಿದ್ದಾರೆ. ನಾನು ಗೊಣಗುವುದಿಲ್ಲ. ಸಮುದ್ರದಲ್ಲಿ ಇಲ್ಲದ್ದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಮಾಡುವುದೇನು? ಸಾಕಣೆಯ ಚಿಪ್ಪಿಗೆ ಕಾಗದಪತ್ರ ಸರಿಯಾಗಿರಲಿ, ಸಮುದ್ರದಲ್ಲಿರುವುದನ್ನು ಯಾರೂ ಮುಟ್ಟದಿರಲಿ.

ಬೆಂಗಳೂರಿನಲ್ಲಿರುವ ನಾಗವೇಣಕ್ಕನ ತಂಗಿಯ ಮಗನಿಗೂ ಉಪ್ಪುನೀರಿನ ಹುಚ್ಚಂತೆ. ಲಕ್ಷದ್ವೀಪದಿಂದ ಒಂದು ತರಿಸಿಕೊಳ್ಳಬಹುದೇ ಎಂದು ಅವನ ಪರವಾಗಿ ಕೇಳಿದರು. ಆ ದ್ವೀಪಗಳು ನಮಗೆ ದೂರದವಲ್ಲ. ಅಮಿನಿ, ಕಡಮತ್, ಕಿಲ್ತಾನ್ ಮುಂತಾದವು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲೇ ಇದ್ದವು. ಅಲ್ಲಿನ ಹವಳದ ದಿಬ್ಬಗಳಲ್ಲಿ ಮ್ಯಾಕ್ಸಿಮಾ ಈಗಲೂ ಇದೆ. ಆದರೆ 2001ರಿಂದ ಮ್ಯಾಕ್ಸಿಮಾ, ಸ್ಕ್ವಾಮೋಸಾ ಎರಡೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿವೆ, ಹುಲಿ ಇರುವ ಪಟ್ಟಿ ಅದು. ಹವಳವೂ ಅಲ್ಲೇ ಇದೆ. ಯಾರಾದರೂ ಗುಟ್ಟಾಗಿ ತಂದುಕೊಡುತ್ತೇನೆ ಎಂದರೆ ಅವನ ಜೊತೆ ಮಾತೂ ಬೇಡ ಎಂದೆ. ನಾಗವೇಣಕ್ಕ ತಲೆಯಾಡಿಸಿದರು. ಅಘನಾಶಿನಿಯಲ್ಲೂ ಮಿತಿಮೀರಿ ಬಾಚಿದ ವರ್ಷಗಳ ನಂತರ ಬಳಚು ಕಡಿಮೆಯಾದದ್ದನ್ನು ಅವರು ಕಂಡಿದ್ದಾರೆ. ಮರಿಯನ್ನು ಹೊಳೆಗೇ ಬಿಡಬೇಕೆಂದು ಹಿಂದಿನವರು ಹೇಳುತ್ತಿದ್ದರು, ಈಗ ಕೇಳುವವರಿಲ್ಲ ಎಂದು ಬೇಸರಪಟ್ಟರು.

ಅಷ್ಟರಲ್ಲಿ ಪ್ರಶಾಂತನೇ ಬೇಲಿಗೆ ಬಂದ. ಆತನ ತೊಟ್ಟಿ ಹೊಸದು, ನೀರು ತುಂಬಿ ಬಹಳ ಕಾಲವಾಗಿಲ್ಲ. ಅಂಗಡಿಯಲ್ಲಿ ನೀಲಿ ಮ್ಯಾಕ್ಸಿಮಾ ನೋಡಿಟ್ಟಿದ್ದಾನೆ, ಈ ಶನಿವಾರ ತರಬೇಕೆಂದಿದ್ದಾನೆ. ಬೇಡ ಎಂದೆ. ತೊಟ್ಟಿಗೆ ಒಂದು ವರ್ಷ ತುಂಬಲಿ, ಬಂಡೆಯ ಮೇಲೆ ಗುಲಾಬಿ ಬಣ್ಣದ ಸುಣ್ಣಪಾಚಿ ಹಬ್ಬಲಿ, ಆಲ್ಕಲಿನಿಟಿ ತಿಂಗಳುಗಟ್ಟಲೆ ಒಂದೇ ಕಡೆ ನಿಲ್ಲಲಿ. ಆಮೇಲೆ ಸಾಕಣೆಯ ಡೆರಾಸಾ ತರೋಣ, ಹುಡುಕಲು ನಾನೂ ಬರುತ್ತೇನೆ. ಅದೂ ಬೆಳೆದು ಒಂದಡಿ ದಾಟಬಹುದು, ಸಮುದ್ರದಲ್ಲಿ ಎರಡಡಿಯವರೆಗೂ ಹೋಗುವ ಜಾತಿ ಅದು, ಅದಕ್ಕೆ ಜಾಗ ಈಗಲೇ ಯೋಚಿಸಿಟ್ಟುಕೋ ಎಂದೆ. ಹುಡುಗನ ಮುಖ ಸಣ್ಣದಾಯಿತು.

"ನೀರು ಹದಕ್ಕೆ ಬರದೆ ಚಿಪ್ಪು ಹಿಡಿಯೂದಿಲ್ಲ ತಮಾ, ಅವ ಹೇಳಿದ್ದು ಕೇಳು" ಎಂದು ನಾಗವೇಣಕ್ಕ ಮಗನಿಗೆ ಹೇಳಿ, ನೀರು ಅಳೆಯುವ ಆ ಪೆಟ್ಟಿಗೆ ಎಲ್ಲಿ ಸಿಗುತ್ತದೆ, ಎಷ್ಟಾಗುತ್ತದೆ ಎಂದು ನನ್ನನ್ನು ವಿಚಾರಿಸಿದರು. ಒಳಗೆ ಹೋಗಿ ನನ್ನ ಕಿಟ್ಟನ್ನೇ ತಂದು ಬೇಲಿಯ ಮೇಲಿಟ್ಟೆ. ಪ್ರಶಾಂತ ತನ್ನ ತೊಟ್ಟಿಯ ನೀರು ಒಂದು ಲೋಟ ತಂದ. ಮೂವರೂ ಸೇರಿ ಹನಿ ಎಣಿಸಿದೆವು. ಆಲ್ಕಲಿನಿಟಿ ಆರೂವರೆ.